ಬೆಳಗಿನ ಮಬ್ಬಿನಲ್ಲಿ ನಮ್ಮ ಒಲೆಯ ಪಾಲು

ಧನುರ್ಮಾಸ ಬಂತೆಂದರೆ ತಂದೆ ತಾಯಂದಿರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. "ಡಾಕ್ಟ್ರೇ, ಬೆಳಗ್ಗೆ ಏಳಕ್ಕೆ ಸ್ಕೂಲ್ ವ್ಯಾನು ಬರುತ್ತೆ. ಆ ಹೊತ್ತಿಗೆ ಬೀದಿ ತುಂಬಾ ಮಂಜು. ಆ ಮಂಜು ತಾಗಿಯೇ ಮಗೂಗೆ ಕೆಮ್ಮು ಹಿಡಿದಿದ್ದಾ?" ಮಗುವಿಗೆ ಕಿವಿ ಮುಚ್ಚುವ ಟೋಪಿ, ಎರಡು ಸ್ವೆಟರು, ಕುತ್ತಿಗೆಗೆ ಮಫ್ಲರು. ಚಳಿಯಿಂದ ಕಾಪಾಡಲು ಏನೇನು ಬೇಕೋ ಎಲ್ಲವನ್ನೂ ಮಾಡಿರುತ್ತಾರೆ. ಕೆಮ್ಮು ಮಾತ್ರ ನಿಂತಿರುವುದಿಲ್ಲ.

ಮಂಜು ಎಂದರೆ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು, ಅಷ್ಟೇ. ಉಬ್ಬಸವಿರುವ ಕೆಲವು ಮಕ್ಕಳನ್ನು ತಣ್ಣನೆಯ ಗಾಳಿ ಕೆಣಕುವುದುಂಟು. ಆದರೆ ಬರಿಯ ಮಂಜು ಆರೋಗ್ಯವಂತ ಮಗುವಿಗೆ ವಾರಗಟ್ಟಲೆ ಕೆಮ್ಮು ತರುವುದಿಲ್ಲ. ಆದ್ದರಿಂದ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಆ ಮಂಜಿಗೆ ವಾಸನೆ ಇತ್ತೇ? ಮನೆಯಲ್ಲಿ ಸ್ನಾನದ ನೀರು ಯಾವುದರಲ್ಲಿ ಕಾಯುತ್ತದೆ?

ಎರಡನೆಯ ಪ್ರಶ್ನೆಗೆ ಹಲವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿರುತ್ತದೆ. ಬಚ್ಚಲ ಒಲೆ ಮಾತ್ರ ಇಂದಿಗೂ ಸೌದೆ, ತೆಂಗಿನ ಮಟ್ಟೆ, ಗರಿ, ಅಡಿಕೆ ಸಿಪ್ಪೆಗಳಲ್ಲೇ ಉರಿಯುತ್ತಿರುತ್ತದೆ. ಬೆಳಗಿನ ಐದೂವರೆಯಿಂದ ಎಂಟರವರೆಗೆ, ಹಂಡೆ ತುಂಬ ನೀರಿಗೆ. ಅದೇ ಹೊತ್ತಿಗೆ ಪಕ್ಕದ ಮನೆಯಲ್ಲೂ ಒಲೆ ಹೊತ್ತಿರುತ್ತದೆ, ಎದುರು ಮನೆಯಲ್ಲೂ ಹೊತ್ತಿರುತ್ತದೆ. ಇಡೀ ದಿನದಲ್ಲಿ ಹೊಗೆಯನ್ನು ಹೊತ್ತೊಯ್ಯುವ ಶಕ್ತಿ ಗಾಳಿಗೆ ಎಲ್ಲಕ್ಕಿಂತ ಕಡಿಮೆ ಇರುವುದು ಆ ಎರಡು ಮೂರು ಗಂಟೆಗಳಲ್ಲೇ. ಪೋಷಕರು ಬೇರೇನು ಮರೆತರೂ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು ಎಂಬುದು ನನ್ನ ಆಸೆ. ಅದಕ್ಕೆ ಕಾರಣವೇನೆಂದು ನಿಧಾನವಾಗಿ ನೋಡೋಣ.

ಹಗಲಿನಲ್ಲಿ ಬಿಸಿಲು ನೆಲವನ್ನು ಕಾಯಿಸುತ್ತದೆ, ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿಯಾದ ಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಮೇಲಿನ ತಂಪು ಗಾಳಿ ಇಳಿಯುತ್ತದೆ. ಹೀಗೆ ಮಧ್ಯಾಹ್ನದ ಹೊತ್ತಿಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೂ ಗಾಳಿ ಕಲಸಿಕೊಳ್ಳುತ್ತಿರುತ್ತದೆ. ಆಗ ಎದ್ದ ಹೊಗೆ ಅಷ್ಟೂ ಎತ್ತರಕ್ಕೆ ಹರಡಿ ತೆಳುವಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಆಟ ತಿರುಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣ್ಣಗಾಗುತ್ತದೆ. ನೆಲಕ್ಕಂಟಿದ ಗಾಳಿಯೂ ತಣ್ಣಗಾಗುತ್ತದೆ, ಅದಕ್ಕಿಂತ ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೇರಿದರೆ ಆರೂವರೆ ಡಿಗ್ರಿಯಷ್ಟು ತಂಪಾಗಬೇಕು. ಇಲ್ಲಿ ಮೇಲೇರಿದಷ್ಟೂ ಬೆಚ್ಚಗೆ. ಹವಾಮಾನ ತಜ್ಞರು ಇದಕ್ಕೆ ಉಷ್ಣತಾ ವಿಲೋಮ ಎನ್ನುತ್ತಾರೆ. ತಣ್ಣನೆಯ, ಭಾರವಾದ ಗಾಳಿ ಕೆಳಗೆ ಕೂತು, ಬೆಚ್ಚನೆಯ ಹಗುರ ಗಾಳಿ ತಪ್ಪಲೆಯ ಮುಚ್ಚಳದಂತೆ ಮೇಲೆ ಕೂತರೆ ಹೊಗೆ ಹೋಗುವುದಾದರೂ ಎಲ್ಲಿಗೆ? ಹಗಲು ಒಂದೆರಡು ಸಾವಿರ ಮೀಟರ್ ಎತ್ತರಕ್ಕೆ ಹರಡುತ್ತಿದ್ದ ಹೊಗೆ ಈಗ ನೂರಿನ್ನೂರು ಮೀಟರಿನೊಳಗೆ ಸಿಕ್ಕಿಬೀಳುತ್ತದೆ. ಒಲೆ ಅದೇ, ಸೌದೆ ಅದೇ, ಉರಿಸುವ ಕೈಯೂ ಅದೇ. ಆದರೂ ಬೀದಿಯ ಗಾಳಿಯಲ್ಲಿ ಹೊಗೆ ಹತ್ತು ಪಟ್ಟು ದಟ್ಟ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಡಿಸೆಂಬರ್ ಅಥವಾ ಜನವರಿಯ ಒಂದು ಬೆಳಗ್ಗೆ ಮಕ್ಕಳನ್ನು ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಬೆಟ್ಟದ ನೆತ್ತಿ ಊರಿಗಿಂತ ಸುಮಾರು ಮುನ್ನೂರು ಮೀಟರ್ ಎತ್ತರದಲ್ಲಿದೆ. ಗಾಳಿಯಾಡದ ಬೆಳಗಾದರೆ, ಮೇಲೆ ನಿಮ್ಮ ಸುತ್ತ ಆಕಾಶ ತಿಳಿಯಾಗಿರುತ್ತದೆ. ಕೆಳಗೆ ಊರಿನ ಮೇಲೆ ಬೂದು ಬಣ್ಣದ ಪದರವೊಂದು ಚಪ್ಪಟೆಯಾಗಿ ಹಾಸಿರುತ್ತದೆ. ಅದರ ಮೇಲಂಚು ಗೆರೆ ಎಳೆದಷ್ಟು ನೇರ. ಆ ಗೆರೆಯೇ ನಾನು ಹೇಳಿದ ವಿಲೋಮದ ಗಡಿ. ಅದರ ಕೆಳಗಿನ ಗಾಳಿಯನ್ನೇ ಊರಿನ ಮಕ್ಕಳು ವ್ಯಾನು ಕಾಯುತ್ತಾ ಉಸಿರಾಡುತ್ತಿರುತ್ತಾರೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಮನೆ, ತೋಟ, ಗದ್ದೆಗಳೆಲ್ಲ ಗುಡ್ಡಗಳ ನಡುವಿನ ತಗ್ಗಿನಲ್ಲಿರುತ್ತವೆ. ರಾತ್ರಿ ಗುಡ್ಡದ ಮೈ ತಣಿದಾಗ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲೇ ಶೇಖರವಾಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಡಿಕೆ ಬೇಯಿಸುವ ಕಾಲ. ದೊಡ್ಡ ಹಂಡೆಯ ಕೆಳಗೆ ಉರಿ ಆರುವುದೇ ಇಲ್ಲ. ಸಂಜೆ ಅಂಗಳದಲ್ಲಿ ನಿಂತು ನೋಡಿದರೆ ಹೊಗೆ ಹೆಂಚಿನ ಮಾಡಿನವರೆಗೆ ನೆಟ್ಟಗೆ ಏರಿ, ಅಲ್ಲಿ ತಲೆ ಬಾಗಿಸಿ, ತೋಟದ ಮೇಲೆ ಅಡ್ಡಡ್ಡ ಮಲಗುವುದು ಕಾಣುತ್ತದೆ. ಹೊಗೆ ಅಡ್ಡ ಮಲಗಿತೆಂದರೆ ಆ ರಾತ್ರಿ ಗಾಳಿ ಅದನ್ನು ಒಯ್ಯುವುದಿಲ್ಲ ಎಂದೇ ಅರ್ಥ. ಹಿರಿಯರಿಗೆ ಈ ನೋಟ ಹೊಸದಲ್ಲ. ಮಕ್ಕಳಿಗೂ ತೋರಿಸಿಕೊಡಿ.

ಸೂರ್ಯ ಹುಟ್ಟಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ಭಾವಿಸಬಾರದು. ನೆಲ ಕಾಯುವುದಕ್ಕೆ ಹೊತ್ತು ಹಿಡಿಯುತ್ತದೆ. ಕಾಯತೊಡಗಿದಾಗ ಮೊದಲು ಆಗುವುದೇನೆಂದರೆ, ರಾತ್ರಿಯಿಡೀ ಮೇಲೆ ಚಪ್ಪಟೆಯಾಗಿ ನಿಂತಿದ್ದ ಹೊಗೆಯ ಪದರ ಕಲಸಿಕೊಂಡು ಕೆಳಗೆ ಇಳಿಯುವುದು. ಎಂಟು, ಎಂಟೂವರೆಗೆ ಮಂಜು ಕರಗಿ ಬಿಸಿಲು ಬಿದ್ದಿರುತ್ತದೆ, ಎಲ್ಲ ತಿಳಿಯಾಯಿತೆಂದು ಕಾಣುತ್ತದೆ. ನೆಲಮಟ್ಟದಲ್ಲಿ ಹೊಗೆಯ ಕಣಗಳು ಆ ಹೊತ್ತಿನಲ್ಲೇ ಅತಿ ಹೆಚ್ಚಿರಲೂಬಹುದು. ಅದರ ಮೇಲೆ ವಾಹನಗಳ ದಟ್ಟಣೆಯೂ ಆಗಲೇ. ಹತ್ತರ ನಂತರವೇ ಗಾಳಿ ನಿಜವಾಗಿ ಸಡಿಲಾಗುತ್ತದೆ.

ಈಗ ಕಾಣಿಸುವುದು, ಕಾಣಿಸದಿರುವುದರ ಮಾತು. ಒಂದು ಕಿಲೋಮೀಟರಿಗಿಂತ ಆಚೆಗೆ ಏನೂ ಕಾಣದಷ್ಟು ಹನಿಗಳು ಕವಿದರೆ ಅದನ್ನು ಹವಾಮಾನ ಇಲಾಖೆ ಮಂಜಿನ ಸಾಲಿಗೆ ಸೇರಿಸುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ವಿಮಾನಗಳು ತಡವಾಗುವುದು ಇದರಿಂದಲೇ. ಹೊಗೆ ದೃಷ್ಟಿಯನ್ನು ತಡೆಯುವ ಬಗೆ ಬೇರೆ. ಸೌದೆಯ ಹೊಗೆಯ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ನಮ್ಮ ತಲೆಗೂದಲಿನ ದಪ್ಪ ಐವತ್ತರಿಂದ ಎಪ್ಪತ್ತು ಮೈಕ್ರಾನ್. ಬೆಳಕಿನ ಅಲೆಯ ಉದ್ದ ಅರ್ಧ ಮೈಕ್ರಾನಿನ ಆಸುಪಾಸು. ಕಣದ ಗಾತ್ರ ಬೆಳಕಿನ ಅಲೆಗೆ ಹೆಚ್ಚುಕಡಿಮೆ ಸಮನಾದಾಗ ಅದು ಬೆಳಕನ್ನು ಅತಿ ಹೆಚ್ಚು ಚದುರಿಸುತ್ತದೆ. ಹೀಗಾಗಿ ತೂಕದಲ್ಲಿ ಲೆಕ್ಕಕ್ಕೇ ಬಾರದಷ್ಟು ಹೊಗೆ ದೂರದ ಬೆಟ್ಟವನ್ನೇ ಅಳಿಸಿಬಿಡಬಲ್ಲದು. ದುರದೃಷ್ಟವೆಂದರೆ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಇಳಿಯುವುದು ಇದೇ ಗಾತ್ರದ ಕಣಗಳು. ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ಇವನ್ನು ಹಿಡಿಯಲಾರವು.

ಮಂಜು, ಹೊಗೆ ಎರಡೂ ಸೇರಿದ ಬೆಳಗಿನಲ್ಲಿ ಇನ್ನೊಂದು ತೊಡಕಿದೆ. ಹೊಗೆಯ ಕಣಗಳಲ್ಲಿ ಹಲವು ನೀರನ್ನು ಹೀರಿ ಉಬ್ಬುತ್ತವೆ. ಗಾಳಿಯಲ್ಲಿ ತೇವ ತೊಂಬತ್ತು ಶೇಕಡಾ ದಾಟಿತೆಂದರೆ ಅಷ್ಟೇ ಹೊಗೆ ಹಲವು ಪಟ್ಟು ಹೆಚ್ಚು ಮಬ್ಬಾಗಿ ಕಾಣುತ್ತದೆ. ಅದೇ ಕಣಗಳು ಮಧ್ಯಾಹ್ನ ಒಣಗಿ ಕುಗ್ಗಿದಾಗ ಅಷ್ಟು ಕಾಣುವುದಿಲ್ಲ. ಆದ್ದರಿಂದ ಬೆಳಗಿನ ಮಬ್ಬನ್ನೆಲ್ಲ ವಿಷವೆಂದು ಹೆದರುವುದೂ ಬೇಡ, ಮಧ್ಯಾಹ್ನ ತಿಳಿಯಾಗಿ ಕಂಡಿತೆಂದು ಪೂರ್ತಿ ನಂಬುವುದೂ ಬೇಡ.

ಹಾಗಾದರೆ ಮನೆಯಲ್ಲೇ ಗುರುತಿಸುವುದು ಹೇಗೆ? ಮೊದಲನೆಯದು ಮೂಗು. ಮಂಜಿಗೆ ವಾಸನೆಯಿಲ್ಲ. ಸುಟ್ಟ ವಾಸನೆ ಬಂದರೆ ಅದರಲ್ಲಿ ಹೊಗೆಯಿದೆ, ಎರಡನೇ ಮಾತಿಲ್ಲ. ಬಣ್ಣವೂ ಹೇಳುತ್ತದೆ: ಬರಿಯ ಮಂಜು ಹಾಲಿನ ಬಿಳುಪು, ಹೊಗೆ ಸೇರಿದರೆ ದಿಗಂತದ ಅಂಚಿನಲ್ಲಿ ಕಂದು ಅಥವಾ ಹಳದಿ ಛಾಯೆ ಕಾಣಿಸುತ್ತದೆ. ಮಕ್ಕಳಿಗೆ ತೋರಿಸಬಹುದಾದ ಸೊಗಸಾದ ಪಾಠವೊಂದಿದೆ. ಬಚ್ಚಲ ಹೊಗೆಗೂಡಿನಿಂದ ಏಳುವ ತೆಳು ಹೊಗೆಯನ್ನು ಕಡುಬಣ್ಣದ ಮರಗಳ ಹಿನ್ನೆಲೆಯಲ್ಲಿ ನೋಡಿದರೆ ಅದು ನೀಲಿ. ಅದೇ ಹೊಗೆ ಇನ್ನಷ್ಟು ಮೇಲೇರಿ ಬೆಳ್ಳನೆಯ ಆಕಾಶದ ಎದುರಿಗೆ ಬಂದಾಗ ಕಂದು. ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹೀಗಾಗುತ್ತದೆ. ಪಕ್ಕದಿಂದ ಚದುರಿದ ಬೆಳಕು ಕಣ್ಣಿಗೆ ಬಿದ್ದರೆ ನೀಲಿ, ಹೊಗೆಯನ್ನು ಹಾದು ಉಳಿದ ಬೆಳಕು ಬಂದರೆ ಕಂದು. ಹಸಿ ಸೌದೆಯ ದಟ್ಟ ಬಿಳಿ ಹೊಗೆಯಲ್ಲಿ ಈ ಬಣ್ಣಗಳು ಕಾಣುವುದಿಲ್ಲ, ಏಕೆಂದರೆ ಅದರಲ್ಲಿ ದೊಡ್ಡ ಹನಿಗಳಿರುತ್ತವೆ. ಎಂಟು ಹತ್ತು ವರ್ಷದ ಮಗು ಇದನ್ನು ಒಮ್ಮೆ ಕಂಡರೆ ಸಾಕು, ಆಮೇಲೆ ಹೊಗೆಯನ್ನು ಸುಮ್ಮನೆ ನೋಡಿ ಬಿಡುವುದಿಲ್ಲ.

ಇನ್ನೊಂದು ಕೆಲಸ: ಮಹಡಿ ಮೇಲಿನಿಂದ ಕಾಣುವ ಎರಡು ಮೂರು ಗುರುತುಗಳನ್ನು ಆರಿಸಿಕೊಳ್ಳಿ. ಹತ್ತಿರದ ನೀರಿನ ಟ್ಯಾಂಕು, ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರು ಅಥವಾ ಗೋಪುರ, ನಾಲ್ಕೈದು ಕಿಲೋಮೀಟರ್ ಆಚೆಯ ಗುಡ್ಡ. ಬೆಳಗ್ಗೆ ಯಾವುದು ಕಂಡಿತು, ಮಧ್ಯಾಹ್ನ ಒಂದಕ್ಕೆ ಯಾವುದು ಕಂಡಿತು ಎಂದು ಮಗುವೇ ಬರೆದಿಡಲಿ. ಮಧ್ಯಾಹ್ನ ಒಣ ಬಿಸಿಲಿನಲ್ಲೂ ಗುಡ್ಡ ಕಾಣದಿದ್ದರೆ ಅದು ಮಂಜಲ್ಲ. ಹೊಗೆಯೋ ದೂಳೋ ಇರಬೇಕು. ಮಳೆ ಬಂದು ಹೋದ ಮರುದಿನ ಅದೇ ಗುಡ್ಡದ ಮರಗಳು ಒಂದೊಂದೂ ಎಣಿಸುವಷ್ಟು ಕಂಡಾಗ ಯಾವ ಪಾಠವನ್ನೂ ಬೇರೆ ಹೇಳಬೇಕಿಲ್ಲ.

ಮನೆಯ ಒಲೆಗೂ ಊರಿನ ಗಾಳಿಗೂ ಅಷ್ಟು ದೊಡ್ಡ ಸಂಬಂಧವೇ ಎಂದು ಕೇಳುವವರಿಗೆ ನಾನು 1952ರ ಲಂಡನ್ನಿನ ಕಥೆ ಹೇಳುತ್ತೇನೆ. ಆ ವರ್ಷದ ಡಿಸೆಂಬರ್ 5ರಿಂದ 9ರವರೆಗೆ ಆ ನಗರದ ಮೇಲೆ ಗಾಳಿ ಅಲುಗಾಡದೆ ನಿಂತುಬಿಟ್ಟಿತು. ಚಳಿ ಜೋರಾಗಿತ್ತು, ಮನೆಮನೆಯ ಅಗ್ಗಿಷ್ಟಿಕೆಗಳಲ್ಲಿ ಜನ ಎಂದಿಗಿಂತ ಹೆಚ್ಚು ಕಲ್ಲಿದ್ದಲು ಉರಿಸಿದರು. ಕಾರ್ಖಾನೆಗಳ ಹೊಗೆಯೂ ಸೇರಿತು. ಎಲ್ಲವೂ ವಿಲೋಮದ ಕೆಳಗೆ ಸಿಕ್ಕಿಕೊಂಡಿತು. ಹಗಲಿನಲ್ಲೇ ಬಸ್ಸುಗಳ ಮುಂದೆ ಮನುಷ್ಯ ದೀಪ ಹಿಡಿದು ನಡೆಯಬೇಕಾಯಿತು. ಹೊಗೆಮಂಜು ಕಟ್ಟಡಗಳ ಒಳಗೂ ನುಗ್ಗಿ, ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ನಡೆಯುತ್ತಿದ್ದ ಸಂಗೀತ ನಾಟಕ ಅರ್ಧಕ್ಕೆ ನಿಂತಿತು. ಬಾಗಿಲು ಹಾಕಿಕೊಂಡರೆ ಹೊರಗಿನ ಹೊಗೆ ಹೊರಗೇ ಇರುತ್ತದೆ ಎಂದುಕೊಂಡವರು ಈ ಮಾತನ್ನು ಮರೆಯಬಾರದು. ಸತ್ತವರು ನಾಲ್ಕು ಸಾವಿರ ಎಂದು ಆಗ ಅಂದಾಜಿಸಿದ್ದರು. ನಂತರದ ಅಧ್ಯಯನ ಅದನ್ನು ಹನ್ನೆರಡು ಸಾವಿರದವರೆಗೆ ಒಯ್ದಿತು. ಅವರಲ್ಲಿ ಹಸುಗೂಸುಗಳೂ ವೃದ್ಧರೂ ಇದ್ದರು. 1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯ್ದೆ ತಂದಾಗ ಅದು ಕಾರ್ಖಾನೆಗಳ ಜೊತೆಗೆ ಮನೆಗಳ ಹೊಗೆಗೂ ಕೈಹಾಕಿತು. ಹೊಗೆರಹಿತ ಪ್ರದೇಶಗಳನ್ನು ಗುರುತಿಸಿ, ಒಲೆ ಬದಲಾಯಿಸಲು ಮನೆಗಳಿಗೆ ಹಣದ ನೆರವು ಕೊಟ್ಟಿತು. ನಮ್ಮ ಊರುಗಳಲ್ಲಿ ಅಂಥ ಅನಾಹುತ ಆದೀತೆಂದು ನಾನು ಹೆದರಿಸುತ್ತಿಲ್ಲ. ಮನೆಯ ಬೆಂಕಿ ಮತ್ತು ನಿಂತ ಗಾಳಿ, ಇವೆರಡು ಸೇರಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ಆ ಐದು ದಿನಗಳಲ್ಲಿ ಕಲಿಯಿತು.

ಹಳ್ಳಿಯ ಅಡುಗೆಮನೆಯ ಹೊಗೆಯನ್ನು ವೈಜ್ಞಾನಿಕವಾಗಿ ಅಳೆದವರಲ್ಲಿ ಮೊದಲಿಗರು ಕರ್ಕ್ ಸ್ಮಿತ್. 1980ರ ದಶಕದ ಆರಂಭದಲ್ಲಿ ಅವರೂ ಅವರ ಭಾರತೀಯ ಸಹೋದ್ಯೋಗಿಗಳೂ ಗುಜರಾತಿನ ಹಳ್ಳಿಗಳಲ್ಲಿ ಒಲೆ ಮುಂದೆ ಕೂತ ಹೆಂಗಸರ ಮೈಮೇಲೇ ಅಳತೆಯ ಉಪಕರಣ ಇಟ್ಟು ನೋಡಿದರು. ಅವರಿಗೆ ಮುಂಚೆ ಹೆಚ್ಚಿನವರು ಮಾಲಿನ್ಯವನ್ನು ಕಾರ್ಖಾನೆಯ ಚಿಮಣಿಯಲ್ಲಿ ಹುಡುಕುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾಗಿದ್ದ 'ಅಸ್ತ್ರ' ಕೇಂದ್ರ ಅಸ್ತ್ರ ಒಲೆಯನ್ನು ರೂಪಿಸಿತು. ಕಡಿಮೆ ಸೌದೆ, ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ. ಕರ್ನಾಟಕದ ಎಷ್ಟೋ ಮನೆಗಳ ಅಜ್ಜಿಯರಿಗೆ ಆ ಹೆಸರು ಇಂದಿಗೂ ಬಾಯಲ್ಲಿದೆ. 2016ರ ಮೇ 1ರಂದು ಉಜ್ವಲ ಯೋಜನೆ ಆರಂಭವಾದ ಮೇಲೆ ಗ್ಯಾಸ್ ಇಲ್ಲದ ಮನೆಗಳಿಗೂ ಸಿಲಿಂಡರ್ ತಲುಪಿತು. ಅದು ದೊಡ್ಡ ಹೆಜ್ಜೆ. ಆದರೆ ಸಿಲಿಂಡರಿನ ದುಡ್ಡನ್ನು ಸ್ನಾನದ ನೀರಿಗೆ ಯಾರು ಸುರಿಯುತ್ತಾರೆ? ಬಚ್ಚಲ ಒಲೆ ಉಳಿದಿದ್ದು ಹಾಗೆ.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಸಾವು ಸಂಭವಿಸಿದೆ, ಅದರಲ್ಲಿ ಐದು ವರ್ಷದೊಳಗಿನ ಮಕ್ಕಳೇ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಕ್ಕಳಿಗೇ ಏಕೆ ಹೆಚ್ಚು? ಅವರು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ. ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಒಳಗೆ ಹೋಗುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಬಹುಪಾಲು ಹುಟ್ಟಿದ ಮೇಲೆ ಮೂಡುವಂಥವು, ಮೊದಲ ಕೆಲವು ವರ್ಷಗಳಲ್ಲಿ. ಅವರ ಶ್ವಾಸನಾಳ ಕಿರಿದು, ಒಳಗೆ ಚೂರು ಊದಿಕೊಂಡರೂ ದಾರಿ ಅರ್ಧ ಮುಚ್ಚಿಕೊಳ್ಳುತ್ತದೆ. ಜೊತೆಗೆ ಎಳೆಯ ಮಗು ಇರುವುದೇ ಅಮ್ಮನ ಸೊಂಟದ ಮೇಲೆ, ಅಮ್ಮ ಇರುವುದು ಒಲೆಯ ಮುಂದೆ.

ಬಚ್ಚಲ ಒಲೆಯನ್ನು ಇವತ್ತೇ ಕಿತ್ತು ಹಾಕಿ ಎಂದು ಹೇಳಲು ನನಗೆ ಮನಸ್ಸು ಬಾರದು. ಸೋಲಾರ್ ಹೀಟರ್ ಹಾಕಿಸುವ ಶಕ್ತಿ ಇದ್ದರೆ ಹಾಕಿಸಿ, ಮಗುವಿನ ಆರೋಗ್ಯಕ್ಕೆ ಅದಕ್ಕಿಂತ ಒಳ್ಳೆಯ ಖರ್ಚು ಕಡಿಮೆ. ಅದಾಗದಿದ್ದರೆ ಸ್ನಾನದ ಹೊತ್ತನ್ನು ಬದಲಾಯಿಸಿ. ಚಳಿಗಾಲದ ಮೂರು ತಿಂಗಳು ಮಕ್ಕಳಿಗೆ ಬೆಳಗ್ಗೆ ಕೈಕಾಲು ಮುಖ ತೊಳೆಸಿ ಕಳಿಸಿ, ಶಾಲೆಯಿಂದ ಬಂದ ಮೇಲೆ ನಾಲ್ಕು ಗಂಟೆಗೆ ಸ್ನಾನ ಮಾಡಿಸಿ. ಮೂರೂವರೆಗೆ ಹೊತ್ತಿಸಿದ ಒಲೆಯ ಹೊಗೆಯನ್ನು ಗಾಳಿ ಮೇಲಕ್ಕೆ ಒಯ್ಯುತ್ತದೆ. ಅದೇ ಸೌದೆ ಬೆಳಗ್ಗೆ ಆರಕ್ಕೆ ಉರಿದರೆ ಓಣಿಯಲ್ಲೇ ಉಳಿಯುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಅತ್ತೆ ಮಾವಂದಿರನ್ನು ಒಪ್ಪಿಸುವುದು ಕಷ್ಟ ಎಂದು ಹಲವು ತಾಯಂದಿರು ಹೇಳುತ್ತಾರೆ. ಮಗುವಿನ ಕೆಮ್ಮು ಒಂದು ವಾರದಲ್ಲಿ ಇಳಿದಿದ್ದನ್ನು ಅವರೇ ಕಂಡರೆ ಒಪ್ಪಿಯಾರು.

ಉರಿಸುವ ರೀತಿಯೂ ಮುಖ್ಯ. ಹಸಿ ಸೌದೆಯಲ್ಲಿ ಬೆಂಕಿಯ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ಉರಿ ಏಳುವುದಿಲ್ಲ, ಬರೀ ಹೊಗೆ. ಮಳೆಗಾಲಕ್ಕೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸಿಡುತ್ತಿದ್ದ ಹಿರಿಯರ ಪದ್ಧತಿ ಅಡುಗೆಗೆ ಎಷ್ಟು ಅನುಕೂಲವೋ ಶ್ವಾಸಕೋಶಕ್ಕೂ ಅಷ್ಟೇ ಒಳ್ಳೆಯದು. ಸೀಳಿದ, ಚೆನ್ನಾಗಿ ಒಣಗಿದ ಸಣ್ಣ ಸೌದೆಯಿಂದ ಚುರುಕಾಗಿ ಉರಿಸಿ ಬೇಗ ಮುಗಿಸಿ. ದೊಡ್ಡ ಕೊರಡನ್ನು ಹಂಡೆಯ ಕೆಳಗೆ ತುರುಕಿ ರಾತ್ರಿಯಿಡೀ ಮೆಲ್ಲಗೆ ಹೊಗೆಯಾಡಲು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಒಲೆ ಹೊತ್ತಿಸಲು ಹಾಲಿನ ಕವರು, ಬಿಸ್ಕತ್ತಿನ ಪೊಟ್ಟಣ, ಹಳೆಯ ಚಪ್ಪಲಿ ಹಾಕುವ ಅಭ್ಯಾಸವನ್ನು ದಯವಿಟ್ಟು ಇವತ್ತೇ ಬಿಡಿ. ಕೆಲವು ಬಗೆಯ ಪ್ಲಾಸ್ಟಿಕ್ ಉರಿದಾಗ ಆಮ್ಲದ ಆವಿಯೂ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತವೆ. ಒಣಗಿದ ತೆಂಗಿನ ಸಿಪ್ಪೆ ಹೊತ್ತಿಸಲು ಸಾಕು.

ಹೊಗೆಗೂಡು ಮಾಡಿನ ನೆತ್ತಿಗಿಂತ ಮೇಲೆ ಏಳಲಿ, ವರ್ಷಕ್ಕೊಮ್ಮೆ ಅದರ ಕರಿ ಕೆರೆದು ತೆಗೆಯಿರಿ. ಜಂತೆಯಿಂದ ಇಲ್ಲಣ ಜೋತಾಡುತ್ತಿದ್ದರೆ ಹೊಗೆ ಕೊಳವೆಯ ದಾರಿ ಹಿಡಿಯದೆ ಮನೆಯೊಳಗೇ ಸುತ್ತುತ್ತಿದೆ ಎಂದರ್ಥ. ಒಂದು ಮಾತು ಮಾತ್ರ ಮರೆಯಬೇಡಿ: ಹೊಗೆಗೂಡು ನಿಮ್ಮ ಬಚ್ಚಲನ್ನು ಉಳಿಸುತ್ತದೆ, ನಿಂತ ಗಾಳಿಯ ಬೆಳಗಿನಲ್ಲಿ ಓಣಿಯನ್ನು ಉಳಿಸಲಾರದು. ಗಾಳಿಮಳೆಯ ತಿಂಗಳುಗಳಲ್ಲಿ ಲೆಕ್ಕ ತಿರುಗುಮುರುಗು. ಹೊರಗಿನ ಗಾಳಿ ತೊಳೆದಿಟ್ಟಷ್ಟು ಶುಭ್ರ. ಕಿಟಕಿ ಬಾಗಿಲು ಮುಚ್ಚಿ ಹಸಿ ಸೌದೆ ಉರಿಸುವ ಮನೆಯೊಳಗೇ ಹೊಗೆ. ಮಲೆನಾಡಿನ ಮಕ್ಕಳ ಆಷಾಢ, ಶ್ರಾವಣದ ಕೆಮ್ಮಿನ ಹಿಂದೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಸಣ್ಣ ಹೊಗೆಗಳ ವಿಷಯ ಇನ್ನೂ ಸೂಕ್ಷ್ಮ. ಸಂಜೆ ಸೊಳ್ಳೆ ಬರುವ ಹೊತ್ತಿಗೆ ಕಿಟಕಿ ಮುಚ್ಚಿ, ಕಾಯಿಲ್ ಹಚ್ಚಿ, ಮಗುವನ್ನು ಅದರ ಪಕ್ಕದಲ್ಲಿ ಮಲಗಿಸುತ್ತೇವೆ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸೊಳ್ಳೆಪರದೆ ಕಟ್ಟಿ. ಡೆಂಗಿ, ಮಲೇರಿಯಾದಿಂದ ಕಾಪಾಡುವುದಕ್ಕೂ ಅದೇ ಒಳ್ಳೆಯದು. ದೇವರ ಮನೆಯಲ್ಲಿ ಒಂದು ಊದುಬತ್ತಿ ಹಚ್ಚಿದರೆ ಕಿಟಕಿ ತೆರೆದಿಡಿ. ಉಬ್ಬಸದ ಮಗುವಿರುವ ಮನೆಯಲ್ಲಿ ದೀಪ, ಹೂವು ಸಾಕು.

ಬಾಣಂತಿ ಕೋಣೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಕೂಸಿನ ತಲೆ ಆರಲೆಂದು ಕೆಂಡದ ಮೇಲೆ ಸಾಂಬ್ರಾಣಿ, ಕೆಲವೆಡೆ ಬೆಳ್ಳುಳ್ಳಿ ಸಿಪ್ಪೆ, ಓಮ ಉದುರಿಸಿ ಆ ಹೊಗೆಯ ಮೇಲೆ ಮಗುವನ್ನು ಹಿಡಿಯುತ್ತಾರೆ. ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ. ಥಂಡಿ ಗಾಳಿ ಬರಬಾರದೆಂದು ಕಿಟಕಿಯ ಸಂದಿಗೂ ಬಟ್ಟೆ ತುರುಕಿರುತ್ತಾರೆ. ಇದರ ಹಿಂದಿರುವುದು ಅಜ್ಜಿಯ ಅಕ್ಕರೆ, ಅದರಲ್ಲಿ ಸಂಶಯವಿಲ್ಲ. ಕೂಸನ್ನು ಬೆಚ್ಚಗಿಡಬೇಕು ಎಂಬ ಅವರ ಮಾತೂ ಸರಿ. ಆದರೆ ಬೇಕಾಗಿರುವುದು ಬೆಚ್ಚಗೆ, ಹೊಗೆಯಲ್ಲ. ಕೆಂಡಕ್ಕೆ ಹೊಗೆಯೇ ಕಾಣದಿದ್ದರೂ ಅದರಿಂದ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ತಾಯಿ ಮಗು ಇಬ್ಬರೂ ನಿದ್ದೆಯಲ್ಲೇ ಪ್ರಜ್ಞೆ ಕಳೆದುಕೊಳ್ಳಬಹುದು. ಕೋಣೆಯನ್ನು ಮೊದಲೇ ಕಾಯಿಸಿ, ಕೆಂಡವನ್ನು ಹೊರಗೆ ಒಯ್ದು, ಗಾಳಿಯಾಡಿಸಿ, ಆಮೇಲೆ ತಾಯಿ ಮಗುವನ್ನು ಒಳಗೆ ಕರೆತನ್ನಿ. ಕೂಸಿನ ತಲೆಗೆ ಕಾಯಿಸಿದ ಒಣ ಬಟ್ಟೆ ಸಾಕು, ಮೈಗೆ ಅಮ್ಮನ ಎದೆಗಿಂತ ಬೆಚ್ಚಗಿನ ಜಾಗವಿಲ್ಲ. ಪುಟ್ಟ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇಟ್ಟು ಕಿಟಕಿ ಮುಚ್ಚುವ ಪಟ್ಟಣದ ಮನೆಗಳಿಗೂ ಇದೇ ಎಚ್ಚರಿಕೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಂತಿ, ಮಂಪರು ಬಂದರೆ ಮೊದಲು ಎಲ್ಲರನ್ನೂ ಹೊರಗೆ ತನ್ನಿ, ನಂತರ ಆಸ್ಪತ್ರೆಗೆ ಓಡಿ. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಈ ವಿಷ ಏರಿದಾಗಲೂ ಅದು ಎಲ್ಲ ಸರಿಯಿದೆ ಎಂದೇ ತೋರಿಸಬಹುದು.

ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ನೋಡುವ ಪೋಷಕರು ಈಗ ಹೆಚ್ಚು. ಒಳ್ಳೆಯದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಐವತ್ತರೊಳಗೆ ಇದ್ದರೆ ಉತ್ತಮ, ನೂರರವರೆಗೆ ತೃಪ್ತಿಕರ, ಇನ್ನೂರು ದಾಟಿದರೆ ಕಳಪೆ. ಆದರೆ ಸೂಕ್ಷ್ಮ ಕಣಗಳ ವಿಷಯದಲ್ಲಿ ಆ ಸೂಚ್ಯಂಕ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ. ಬೆಳಗಿನ ಎರಡು ಗಂಟೆಯ ದಟ್ಟ ಹೊಗೆ ಮಧ್ಯಾಹ್ನದ ತಿಳಿಗಾಳಿಯಲ್ಲಿ ಕರಗಿ ಲೆಕ್ಕದಿಂದ ಮಾಯವಾಗಿರುತ್ತದೆ. ನಮ್ಮ ದೇಶದ ಮಿತಿಯೂ ಸಡಿಲ. ಒಂದು ದಿನಕ್ಕೆ ಘನ ಮೀಟರಿಗೆ 60 ಮೈಕ್ರೋಗ್ರಾಮ್ ಎಂಬುದು ನಮ್ಮದು, 15 ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಸಲಹೆ. ಗಂಟೆಗಂಟೆಯ ಅಂಕಿ ಸಿಕ್ಕರೆ ಅದನ್ನು ನೋಡಿ. ಸಿಗದಿದ್ದರೆ ಹಿಂದಿನ ರಾತ್ರಿಯ ಆಕಾಶ ನೋಡಿ: ನಕ್ಷತ್ರಗಳು ಢಾಳಾಗಿದ್ದು, ಎಲೆಯೂ ಅಲುಗದಿದ್ದರೆ ಬೆಳಗ್ಗೆ ಹೊಗೆ ನೆಲ ಕಚ್ಚುವುದು ಬಹುಮಟ್ಟಿಗೆ ಖಚಿತ.

ಅಂಥ ದಿನಗಳಲ್ಲಿ ಓಟ, ಕಬಡ್ಡಿ, ಕ್ರಿಕೆಟ್ ಅಭ್ಯಾಸವನ್ನು ಬೆಳಗಿನ ಆರಕ್ಕೆ ಇಡಬೇಡಿ. ಓಡುವ ಮಗು ಕೂತ ಮಗುವಿಗಿಂತ ಹಲವು ಪಟ್ಟು ಗಾಳಿ ಎಳೆದುಕೊಳ್ಳುತ್ತದೆ, ಅದೂ ಬಾಯಿಯಿಂದ. ಸಂಜೆ ನಾಲ್ಕರಿಂದ ಐದೂವರೆ ಆಟಕ್ಕೆ ಒಳ್ಳೆಯ ಹೊತ್ತು. ಶಾಲೆಯ ದೈಹಿಕ ಶಿಕ್ಷಕರೊಂದಿಗೆ ನಾಲ್ಕೈದು ಪೋಷಕರು ಒಟ್ಟಿಗೆ ಹೋಗಿ ಮಾತಾಡಿದರೆ ಈ ಬದಲಾವಣೆ ಆಗುತ್ತದೆ. ಮನೆಯ ಕಿಟಕಿಗಳನ್ನು ಬೆಳಗ್ಗೆ ಏಳಕ್ಕೆ ತೆರೆಯುವ ಬದಲು ಹನ್ನೊಂದಕ್ಕೆ ಪೂರ್ತಿ ತೆರೆಯಿರಿ, ಸಂಜೆ ಬೀದಿಯಲ್ಲಿ ಹೊಗೆ ಏಳುವ ಮೊದಲು ಮುಚ್ಚಿ. ಮನೆಯೊಳಗೇ ಒಲೆ ಉರಿಯುತ್ತಿದ್ದರೆ ಮಾತ್ರ ಯಾವ ಹೊತ್ತಾದರೂ ತೆರೆದೇ ಇರಲಿ. ಮುಖಕ್ಕೆ ಕರವಸ್ತ್ರ ಕಟ್ಟಿದರೆ ದೂಳು ನಿಂತೀತು, ಹೊಗೆ ನಿಲ್ಲದು. ಬೆಳಗ್ಗೆ ಗುಡಿಸಿದ ಒಣ ಎಲೆಗಳನ್ನು ಬೀದಿ ಬದಿಯಲ್ಲೇ ಸುಡುವುದನ್ನು ಕಂಡರೆ ಸುಮ್ಮನಿರಬೇಡಿ. ಬಯಲಿನಲ್ಲಿ ಕಸ ಸುಡುವವರಿಗೆ ದಂಡ ವಿಧಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಗುಡಿಸುವವರ ಮೇಲೆ ರೇಗುವುದಲ್ಲ, ಅವರು ಉಸಿರಾಡುವುದೂ ಅದೇ ಹೊಗೆಯನ್ನು. ಎಲೆ ಗೊಬ್ಬರಕ್ಕೆ ಒಂದು ಗುಂಡಿ ತೋಡಿಸಲು ಬಡಾವಣೆಯವರೆಲ್ಲ ಸೇರಿ.

ಕೆಮ್ಮಿಗೆ ಯಾವಾಗ ಹೆದರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಮಗು ಮಲಗಿರುವಾಗ ಅಥವಾ ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಈ ಸಂಖ್ಯೆ ಮುಟ್ಟಿದರೆ ಅದು ವೇಗದ ಉಸಿರು, ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮಗು ಹಾಲು ಕುಡಿಯಲಾರದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಉಬ್ಬಸಕ್ಕೆ ಇನ್‌ಹೇಲರ್ ಬರೆದುಕೊಟ್ಟಿದ್ದರೆ ಚಳಿಗಾಲದಲ್ಲಿ ಅದನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಕೆಮ್ಮೆಂದು ಯಾವ ವೈದ್ಯರ ಬಳಿ ಹೋದರೂ, ಅವರು ಕೇಳಲಿ ಬಿಡಲಿ, ಮೂರು ವಿಷಯ ನೀವೇ ಹೇಳಿ. ಅಡುಗೆ ಮತ್ತು ಸ್ನಾನದ ನೀರಿಗೆ ಏನನ್ನು ಉರಿಸುತ್ತೀರಿ, ಮಗು ಮಲಗುವ ಕೋಣೆಯಲ್ಲಿ ರಾತ್ರಿ ಏನು ಹಚ್ಚುತ್ತೀರಿ, ಕೆಮ್ಮು ದಿನದ ಯಾವ ಹೊತ್ತಿನಲ್ಲಿ ಜೋರಾಗುತ್ತದೆ. ರಜೆಗೆಂದು ಬೇರೆ ಊರಿಗೆ ಹೋದಾಗ ಕೆಮ್ಮು ತಾನಾಗಿ ನಿಂತಿದ್ದರೆ ಅದನ್ನೂ ಹೇಳಿ. ಔಷಧಿ ಬದಲಿಸಬೇಕೋ ಒಲೆ ಬದಲಿಸಬೇಕೋ ಎಂಬುದು ಎಷ್ಟೋ ಸಲ ಈ ಉತ್ತರಗಳಲ್ಲೇ ಗೊತ್ತಾಗುತ್ತದೆ.